ಹಾಸನದಲ್ಲಿ ಆಪರೇಟಿಂಗ್ ಸಿಸ್ಟಂ ಸಮ್ಮೇಳನ: ಟಾಕ್‌ಗಳನ್ನು ಹೇಗೆ ಆರಿಸೋದು, ಹೇಗೆ ಜೋಡಿಸೋದು? ಅನುಭವ ಇದ್ದವರು ಹೇಳಿ

ಕೇಳಿದವರು: ಹಾಸನದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಆಪರೇಟಿಂಗ್ ಸಿಸ್ಟಂ ಒಂದನ್ನೇ ಇಟ್ಟುಕೊಂಡು ನಮ್ಮ ಕಾಲೇಜಿನಲ್ಲಿ ಒಂದು ದಿನದ ಸಮ್ಮೇಳನ ಮಾಡಬೇಕು ಅಂತಿದ್ದೀವಿ. ಹಾಸನ, ಚಿಕ್ಕಮಗಳೂರು, ಅರಸೀಕೆರೆ, ಸಕಲೇಶಪುರ ಕಡೆಯ ವಿದ್ಯಾರ್ಥಿಗಳು ಬರ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿರೋ ನಮ್ಮ ಹಳೇ ವಿದ್ಯಾರ್ಥಿಗಳೂ ಬರಬಹುದು. ಟಾಕ್ ಕೊಡ್ತೀವಿ ಅಂತ ಹೆಸರು ಕೊಟ್ಟವರಿಗೇನೂ ಕಡಿಮೆ ಇಲ್ಲ, ಆದರೆ ಅರ್ಧಕ್ಕರ್ಧ ‘ಲಿನಕ್ಸ್ ಪರಿಚಯ’, ‘ಕ್ಲೌಡ್ ಪರಿಚಯ’ ಇಂಥವೇ. ಎಷ್ಟು ಟಾಕ್ ಇಡಬೇಕು, ಯಾವುದು ಮೊದಲು, ಯಾವುದು ಆಮೇಲೆ, ಬೇಡ ಅನ್ನಬೇಕಾದವರಿಗೆ ಹೇಗೆ ಹೇಳೋದು? ದಿನಾಂಕವೂ ಗಟ್ಟಿಯಾಗಿಲ್ಲ, ಅಕ್ಟೋಬರ್ ಕೊನೆ ಇಲ್ಲವೇ ಮಾರ್ಚ್. ಮಾಡಿ ಅನುಭವ ಇರೋರು ದಯವಿಟ್ಟು ಬರೀರಿ.

ಬೆಂಗಳೂರಿನಲ್ಲಿ ಕರ್ನಲ್ ಕೆಲಸ, ಊರು ಅರಕಲಗೂಡು

ಮೇಡಂ, ವಿಷಯಗಳ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ. ಹಾಲ್‌ನಲ್ಲಿ ಕೂರೋರು ಯಾರು ಅನ್ನೋದರಿಂದ ಶುರು ಮಾಡಿ. ನಿಮ್ಮ ಹುಡುಗರು ಮೂರನೇ ಸೆಮಿಸ್ಟರ್‌ನಲ್ಲೇ ಆಪರೇಟಿಂಗ್ ಸಿಸ್ಟಂ ಓದಿರ್ತಾರೆ. ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರಿಪ್ಲೇಸ್‌ಮೆಂಟ್ ಎಲ್ಲ ಲ್ಯಾಬ್‌ನಲ್ಲಿ ಬರೆದು ತೋರಿಸಿರ್ತಾರೆ. ಅವರಿಗೆ ಇನ್ನೊಂದು ಪರಿಚಯ ಬೇಕಿಲ್ಲ. ಓದಿದ್ದು ಓಡೋ ಯಂತ್ರದೊಳಗೆ ಎಲ್ಲಿದೆ ಅಂತ ಬಿಚ್ಚಿ ತೋರಿಸೋರು ಬೇಕು.

ನಾನಾದರೆ ಇಡೀ ದಿನಕ್ಕೆ ಒಂದೇ ಪ್ರಶ್ನೆ ಇಡ್ತೀನಿ: ಟರ್ಮಿನಲ್‌ನಲ್ಲಿ ಎಲ್‌ಎಸ್ ಅಂತ ಒತ್ತಿ ಎಂಟರ್ ಹೊಡೆದರೆ, ಫೈಲುಗಳ ಹೆಸರು ತೆರೆ ಮೇಲೆ ಬರೋದರೊಳಗೆ ಏನೇನು ನಡೀತು? ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ) ಹುಟ್ಟೋದು ಒಂದು ಟಾಕ್, ಅದಕ್ಕೆ ಮೆಮೊರಿ ಸಿಗೋದು ಇನ್ನೊಂದು, ಸಿಪಿಯು ಸಿಗೋದು ಮತ್ತೊಂದು, ಡಿಸ್ಕ್‌ನಿಂದ ಓದೋದು ಕೊನೇದು. ಹಿಂದಿನವರು ಬಿಟ್ಟ ಎಳೆಯನ್ನೇ ಮುಂದಿನವರು ಹಿಡೀಬೇಕು. ಹೀಗೆ ಮಾಡಿದರೆ ಬೆಳಗ್ಗೆ ಕಲಿತ ಮಾತು ಮಧ್ಯಾಹ್ನದ ಟಾಕ್‌ಗೆ ಬಂಡವಾಳ ಆಗುತ್ತೆ. ಬಿಡಿಬಿಡಿ ಟಾಕ್ ಜೋಡಿಸಿದರೆ ಪ್ರತಿಯೊಬ್ಬರೂ ಮತ್ತೆ ‘ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅಂದರೆ ಏನು’ ಅಂತಲೇ ಶುರು ಮಾಡ್ತಾರೆ, ಅರ್ಧ ಹೊತ್ತು ಅದಕ್ಕೇ ಹೋಗುತ್ತೆ.

ಮೊದಲ ಟಾಕ್ ಹೇಗಿರಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಟರ್ಮಿನಲ್‌ನ ಆಜ್ಞೆಗಳನ್ನು ಓಡಿಸೋ ಬ್ಯಾಷ್ ಮೇಲೆ ಸ್ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡೋ ಕರೆಗಳನ್ನು ತೋರಿಸೋ ಸಾಧನ) ಹಾಕಿ ಎಲ್‌ಎಸ್ ಓಡಿಸಿ. ಬರೋ ಸಾಲುಗಳಲ್ಲಿ ಹೊಸ ಪ್ರೋಸೆಸ್ ಹುಟ್ಟಿಸೋ ಕರೆ ಅಂತ ಪಾಠದಲ್ಲಿ ಓದಿದ ಫೋರ್ಕ್ ಕಾಣೋದೇ ಇಲ್ಲ, ಕ್ಲೋನ್ ಅಂತ ಇರುತ್ತೆ. ಅಲ್ಲೇ ನಿಲ್ಲಿಸಿ, ಯಾಕೆ ಅಂತ ಹಾಲ್‌ಗೇ ಕೇಳಿ. ಐದು ನಿಮಿಷ ಗುಸುಗುಸು ನಡೀಲಿ, ಅವಸರ ಬೇಡ. ಲಿನಕ್ಸ್‌ನಲ್ಲಿ ಪ್ರೋಸೆಸ್ಸೂ ಥ್ರೆಡ್ಡೂ ಹುಟ್ಟೋದು ಒಂದೇ ಬಗೆಯ ಕರೆಯಿಂದ, ಏನನ್ನು ಹಂಚಿಕೋಬೇಕು ಅನ್ನೋ ಫ್ಲ್ಯಾಗ್‌ಗಳು ಮಾತ್ರ ಬೇರೆ ಅಂತ ಆಮೇಲೆ ಹೇಳಿದರೆ ಆ ಹುಡುಗರು ಅದನ್ನು ಮರೆಯಲ್ಲ.

ಅಲ್ಲಿಂದ ಮೆಮೊರಿಗೆ ಹೋಗೋದು ಸಲೀಸು. ಪ್ರೋಸೆಸ್ ಎರಡಾದಾಗ ಮೆಮೊರಿ ಪೂರ್ತಿ ನಕಲಾಗಲ್ಲ. ಎರಡೂ ಅದೇ ಪುಟಗಳನ್ನು ಓದ್ತಿರ್ತಾವೆ, ಒಂದು ಬರೆಯೋಕೆ ಹೋದಾಗ ಮಾತ್ರ ಆ ಪುಟದ ಪ್ರತಿ ಆಗುತ್ತೆ. ಈ ಕಾಪಿ-ಆನ್-ರೈಟ್ ಕೋಡ್‌ನಲ್ಲಿ 2007ರಿಂದ ಇದ್ದ ರೇಸ್ (ಎರಡು ಕೆಲಸ ಒಟ್ಟಿಗೆ ನುಗ್ಗಿದಾಗ ಆಗೋ ದೋಷ) ಒಂದು 2016ರಲ್ಲಿ ಬಯಲಾಯ್ತು, ಡರ್ಟಿ ಕೌ ಅಂತ ಹೆಸರಾಯ್ತು. ಓದೋಕೆ ಮಾತ್ರ ಅನುಮತಿ ಇರೋ ಫೈಲಿಗೆ ಮಾಮೂಲಿ ಬಳಕೆದಾರ ಬರೆದುಬಿಡಬಹುದಿತ್ತು. ಸಿಂಕ್ರೊನೈಸೇಶನ್ ಪಾಠ ಯಾಕೆ ಬೇಕು ಅನ್ನೋದಕ್ಕೆ ಇಷ್ಟು ಸಾಕು. ಶೆಡ್ಯೂಲರ್ (ಯಾರಿಗೆ ಯಾವಾಗ ಸಿಪಿಯು ಅಂತ ತೀರ್ಮಾನಿಸೋ ಭಾಗ) ಟಾಕ್ ಕೊಡೋರು 2007ರಲ್ಲಿ ಬಂದ ಸಿಎಫ್‌ಎಸ್ ಅನ್ನೋ ಲಿನಕ್ಸ್ ಶೆಡ್ಯೂಲರ್‌ಗೆ 2023ರ 6.6 ಕರ್ನಲ್‌ನಲ್ಲಿ ಇಇವಿಡಿಎಫ್ ಯಾಕೆ ಬದಲಿ ಬಂತು ಅಂತ ಹೇಳಿದರೆ ಆಯ್ತು. ಇಇವಿಡಿಎಫ್‌ನ ಮೂಲ ಸಂಶೋಧನೆ 1990ರ ದಶಕದ್ದು.

ಹಾಸನದಲ್ಲಿ ಮಾಡ್ತಿದ್ದೀರಿ, ರಿಯಲ್ ಟೈಂ (ಹೇಳಿದ ಹೊತ್ತಿನೊಳಗೆ ಕೆಲಸ ಮುಗಿಯಲೇಬೇಕಾದ ವ್ಯವಸ್ಥೆ) ಬಗ್ಗೆ ಒಂದು ಟಾಕ್ ಇರಲೇಬೇಕು. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳೋ ಇಸ್ರೋ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಸಾಲಗಾಮೆ ರಸ್ತೆಯಲ್ಲೇ ಇದೆ, ನಿಮ್ಮ ಹುಡುಗರು ದಿನಾ ಅದರ ಆಂಟೆನಾ ನೋಡಿ ಬೆಳೆದವರು. ಉದಾಹರಣೆಗೆ 1997ರ ನಾಸಾ ನೌಕೆ ಮಾರ್ಸ್ ಪಾತ್‌ಫೈಂಡರ್ ತಗೊಳ್ಳಿ. ಮಂಗಳದ ಮೇಲೆ ಇಳಿದ ಮೇಲೆ ಕಂಪ್ಯೂಟರ್ ಮತ್ತೆಮತ್ತೆ ರೀಸೆಟ್ ಆಗ್ತಿತ್ತು. ಹವಾಮಾನದ ಮಾಹಿತಿ ಕೂಡಿಸೋ ಕೆಳದರ್ಜೆಯ ಟಾಸ್ಕ್ ಲಾಕ್ ಹಿಡಿದಿರೋದು, ಅದೇ ಲಾಕ್‌ಗೆ ಮೇಲ್ದರ್ಜೆಯ ಟಾಸ್ಕ್ ಕಾಯೋದು, ನಡುದರ್ಜೆಯದು ಬಂದು ಸಿಪಿಯು ಹಿಡಿಯೋದು. ಭೂಮಿಯಲ್ಲಿದ್ದ ಜೋಡಿ ಯಂತ್ರದಲ್ಲಿ ಅದನ್ನು ಮರುಕಳಿಸಿ ನೋಡಿ, ಪ್ರಯಾರಿಟಿ ಇನ್ಹೆರಿಟೆನ್ಸ್ (ಲಾಕ್ ಹಿಡಿದ ಟಾಸ್ಕ್‌ಗೆ ಕಾಯ್ತಿರೋ ಟಾಸ್ಕ್‌ನ ದರ್ಜೆ ಕೊಡೋದು) ಆನ್ ಮಾಡಿ ಇಲ್ಲಿಂದಲೇ ಸರಿಪಡಿಸಿದರು. ದರ್ಜೆ ಹೀಗೆ ತಲೆಕೆಳಗಾಗೋ ಪ್ರಯಾರಿಟಿ ಇನ್ವರ್ಶನ್ ಅನ್ನೋದು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಉಳಿದುಬಿಟ್ಟಿದೆ, ಇಲ್ಲಿ ಅದಕ್ಕೆ ಜೀವ ಬರುತ್ತೆ. ಲಿನಕ್ಸ್‌ನ ರಿಯಲ್ ಟೈಂ ಪ್ಯಾಚ್‌ಗಳು ಸುಮಾರು 20 ವರ್ಷ ಹೊರಗೇ ಇದ್ದು, 2024ರ 6.12ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿದವು ಅನ್ನೋದನ್ನೂ ಸೇರಿಸಿ.

ಒಟ್ಟು ಐದು ಟಾಕ್ ಮೀರಬೇಡಿ. 35 ನಿಮಿಷ ಮಾತು, 15 ನಿಮಿಷ ಪ್ರಶ್ನೆ. ಅರ್ಜಿಯಲ್ಲಿ ಮೂರೇ ಪ್ರಶ್ನೆ ಕೇಳಿ: ನೀವೇ ಕೈಹಾಕಿ ನೋಡಿದ ಯಾವ ತೊಂದರೆ ಅಥವಾ ಕೋಡ್ ಬಗ್ಗೆ ಹೇಳ್ತೀರಿ? ಕೇಳೋರಿಗೆ ಮೊದಲೇ ಏನು ಗೊತ್ತಿರಬೇಕು? ಎದ್ದು ಹೋಗುವಾಗ ಅವರು ಏನು ಮಾಡಿ ನೋಡಬಹುದು? ಮೊದಲನೇದಕ್ಕೆ ಉತ್ತರ ಖಾಲಿ ಇದ್ದರೆ ಅದು ಪರಿಚಯದ ಟಾಕ್ ಅಂತ ಗೊತ್ತಾಗಿಬಿಡುತ್ತೆ.

ಚಿಕ್ಕಮಗಳೂರಿನ ಪ್ರಾಧ್ಯಾಪಕರು

ಮೇಲಿನವರ ಮಾತು ಒಪ್ಪುತ್ತೇನೆ. ದಿನಾಂಕದ ಬಗ್ಗೆ ಹೇಳುತ್ತೇನೆ, ಮೇಡಂ. ಅಕ್ಟೋಬರ್ ಕೊನೆ ಖಂಡಿತ ಬೇಡ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆಗೆದರೆ ಬಲಿಪಾಡ್ಯಮಿಯ ನಂತರವೇ ಮುಚ್ಚುವುದು. ಆ ದಿನಗಳಲ್ಲಿ ಊರಿನಲ್ಲಿ ಲಾಡ್ಜ್ ಸಿಗುವುದಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ಚ್ ಒಳ್ಳೆಯದು: ಸೆಮಿಸ್ಟರ್ ಆಗಷ್ಟೇ ಕುದುರಿಕೊಂಡಿರುತ್ತದೆ, ನಮ್ಮ ಕಡೆ ಕಾಫಿ ಕೊಯ್ಲಿನ ಗಡಿಬಿಡಿಯೂ ಬಹುಮಟ್ಟಿಗೆ ಮುಗಿದಿರುತ್ತದೆ, ಮಳೆ ಇಲ್ಲದ್ದರಿಂದ ಮಂಗಳೂರಿನವರಿಗೆ ಶಿರಾಡಿ ಘಾಟಿಯ ಚಿಂತೆ ಇಲ್ಲ. ಯುಗಾದಿ ಯಾವಾಗ ಎಂದು ಪಂಚಾಂಗ ನೋಡಿಕೊಳ್ಳಿ.

ಉದ್ಘಾಟನೆಯನ್ನು ಬೆಳಗ್ಗೆ ಮೊದಲಿಗೆ ಇಡಬೇಡಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಮಾತು, ಶಾಲು, ನೆನಪಿನ ಕಾಣಿಕೆ ಎಲ್ಲ ಗೌರವದಿಂದ ನಡೆಯಬೇಕು, ಅದಕ್ಕೆ ಹೊತ್ತು ಬೇಕೇ ಬೇಕು. ನಾವು 9:30ಕ್ಕೆ ಮೊದಲ ಟಾಕ್ ಶುರು ಮಾಡಿ, ಅದು ಮುಗಿದ ಮೇಲೆ 10:45ಕ್ಕೆ ಉದ್ಘಾಟನೆ ಇಟ್ಟುಕೊಳ್ಳುತ್ತೇವೆ. ಅತಿಥಿಗಳಿಗೂ ತುಂಬಿದ ಸಭಾಂಗಣ ಸಿಗುತ್ತದೆ. ಸಂಜೆ 4:30ಕ್ಕೆ ಮುಗಿಸಿಬಿಡಿ. ಬೇಲೂರು, ಚನ್ನರಾಯಪಟ್ಟಣದ ಕಡೆ ಒಳಹಳ್ಳಿಗೆ ಹೋಗುವ ಮಕ್ಕಳಿಗೆ ಕತ್ತಲಾಗುವ ಮೊದಲು ಬಸ್ ಸಿಗಬೇಕು.

ಹಾಸನದಲ್ಲೇ ಸಿಸ್ಟಂ ಅಡ್ಮಿನ್

ಹಾಲ್ ಕಡೆಯಿಂದ ಎರಡು ಮಾತು. ಸ್ಲೈಡ್‌ನಲ್ಲಿ ಕಪ್ಪು ಹಿನ್ನೆಲೆ ಬೇಡ ಅಂತ ಎಲ್ಲರಿಗೂ ಮೊದಲೇ ಹೇಳಿ, ಕಿಟಕಿ ಬೆಳಕಿಗೆ ಹಿಂದಿನ ಸಾಲಿಗೆ ಒಂದಕ್ಷರವೂ ಕಾಣಲ್ಲ. ಟರ್ಮಿನಲ್ ಅಕ್ಷರ ದಪ್ಪ ಇರಲಿ, ಒಂದು ಸಲಕ್ಕೆ ಹದಿನೈದು ಸಾಲು ಕಂಡರೆ ಸಾಕು.

ಮಧ್ಯಾಹ್ನ ಊಟ ಆದ ಮೇಲೆ ಟಾಕ್ ಬೇಡ, ಕೈಕೆಲಸ ಇಡಿ. ಎಂಐಟಿಯವರು ಪಾಠಕ್ಕೆ ಅಂತಲೇ ಬರೆದ ಎಕ್ಸ್‌ವಿ6 ಆಪರೇಟಿಂಗ್ ಸಿಸ್ಟಂ ಇದೆಯಲ್ಲ, ಪೂರ್ತಿ ಓದಿ ಮುಗಿಸಬಹುದಾದಷ್ಟು ಚಿಕ್ಕದು, ರಿಸ್ಕ್-ಫೈವ್ ಪ್ರೊಸೆಸರ್‌ಗೆ ಬರೆದದ್ದು, ಕ್ಯೂಇಎಂಯು ಅನ್ನೋ ಎಮ್ಯುಲೇಟರ್ ಮೇಲೆ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತೆ. ಐದು ಫೈಲುಗಳಲ್ಲಿ ಕೆಲವು ಸಾಲು ಸೇರಿಸಿದರೆ ಹೊಸ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡೋ ಕರೆ) ರೆಡಿ. ಒಂದೂವರೆ ಗಂಟೆಯಲ್ಲಿ ಎಲ್ಲರ ಕೈಯಲ್ಲೂ ಮಾಡಿಸಬಹುದು. ಆದರೆ ಕಂಪೈಲರ್ ಮುಂತಾದ ಟೂಲ್‌ಚೈನ್ ಅಲ್ಲೇ ಡೌನ್‌ಲೋಡ್ ಮಾಡಿಸೋಕೆ ಹೋಗಬೇಡಿ, ಎಲ್ಲರೂ ಒಟ್ಟಿಗೆ ಎಳೆದರೆ ವೈಫೈ ಮಲಗುತ್ತೆ. ಎಲ್ಲ ಹಾಕಿಟ್ಟ ವರ್ಚುವಲ್ ಮಷೀನ್ ಇಮೇಜನ್ನು ಪೆನ್‌ಡ್ರೈವ್‌ಗಳಲ್ಲಿ ಹಿಂದಿನ ದಿನವೇ ಹಂಚಿ.

ಡೆಮೊ ಎಲ್ಲ ರೆಕಾರ್ಡ್ ಮಾಡಿಕೊಂಡು ಬನ್ನಿ ಅಂತ ಬೆಂಗಳೂರಿನ ಕಡೆ ಹೇಳ್ತಾರೆ. ನಾನು ಒಪ್ಪಲ್ಲ. ರೆಕಾರ್ಡಿಂಗ್ ಜೇಬಲ್ಲಿರಲಿ, ಆದರೆ ಹುಡುಗರ ಮುಂದೆ ಜೀವಂತ ಓಡಿಸಿ. ಫೈಲ್ ಸಿಸ್ಟಂ ಟಾಕ್‌ಗೆ ನನ್ನ ಸಲಹೆ: ವರ್ಚುವಲ್ ಮಷೀನ್‌ನಲ್ಲಿ ಫೈಲ್ ಬರೀತಾ ಇರೋವಾಗಲೇ ಆ ಮಷೀನನ್ನೇ ಕಿಲ್ ಮಾಡಿ. ಮತ್ತೆ ಬೂಟ್ ಮಾಡಿದಾಗ ಇಎಕ್ಸ್‌ಟಿ4 ಫೈಲ್ ಸಿಸ್ಟಂ ತನ್ನ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡೋ ದಾಖಲೆ) ಓದಿ ರಿಕವರಿ ಮುಗಿಸಿದ ಸಾಲು ಕರ್ನಲ್ ಲಾಗ್ ತೋರಿಸೋ ಡಿಮೆಸೇಜ್‌ನಲ್ಲಿ ಬರುತ್ತೆ, ಅದನ್ನು ತೋರಿಸಿ. ಆಮೇಲೆ ಫೈಲ್ ತೆಗೆದು ನೋಡಿ, ಎಫ್‌ಸಿಂಕ್ (ಡಿಸ್ಕ್‌ಗೆ ಈಗಲೇ ಬರಿ ಅನ್ನೋ ಕರೆ) ಮಾಡಿದ್ದು ಇರುತ್ತೆ, ಮಾಡದೇ ಇದ್ದದ್ದರಲ್ಲಿ ಕೊನೆಯ ಭಾಗ ಹೋಗಿರುತ್ತೆ. ಫೈಲ್ ಸಿಸ್ಟಂ ಉಳೀತು ಅಂದ ಮಾತ್ರಕ್ಕೆ ನಮ್ಮ ಡೇಟಾ ಉಳೀತು ಅಂತಲ್ಲ ಅನ್ನೋದು ಕಣ್ಣಾರೆ ಗೊತ್ತಾಗುತ್ತೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡೋ ಊರಿನ ಮಕ್ಕಳಿಗೆ ಜರ್ನಲಿಂಗ್ ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಬಿಎಸ್‌ಡಿ ಬಳಸುವವರು, ಸಕಲೇಶಪುರ

ಎಲ್ಲರೂ ಬರೀ ಲಿನಕ್ಸ್ ಅಂದ್ರೆ ಹೇಗೆ ಮಾರಾಯ್ರೆ? ಒಂದಾದರೂ ಹೋಲಿಕೆಯ ಟಾಕ್ ಇಡಿ. ಯುನಿಕ್ಸ್ ವಂಶದ ಇನ್ನೊಂದು ಸಿಸ್ಟಂ ಫ್ರೀಬಿಎಸ್‌ಡಿಯಲ್ಲಿ ಪ್ರೋಸೆಸ್‌ಗಳನ್ನು ಉಳಿದವುಗಳಿಂದ ಬೇರೆ ಇಡೋ ಜೈಲ್ 2000ದಲ್ಲೇ ಬಂತು. ಲಿನಕ್ಸ್‌ನಲ್ಲಿ ಅದೇ ಕೆಲಸವನ್ನು ನೇಮ್‌ಸ್ಪೇಸ್ (ಏನು ಕಾಣಬೇಕು ಅನ್ನೋದಕ್ಕೆ), ಸಿಗ್ರೂಪ್ (ಎಷ್ಟು ಬಳಸಬಹುದು ಅನ್ನೋದಕ್ಕೆ) ಅಂತ ಬಿಡಿ ಭಾಗಗಳಾಗಿ ಕಟ್ಟಿದರು, 2013ರಲ್ಲಿ ಡಾಕರ್ ಬಂದ ಮೇಲೆ ಎಲ್ಲರ ಬಾಯಲ್ಲೂ ಕಂಟೇನರ್. ಕರ್ನಲ್ ಒಳಗೆ ಜೈಲ್ ಅನ್ನೋದು ಒಂದು ವಸ್ತು, ಕಂಟೇನರ್ ಅನ್ನೋ ವಸ್ತು ಲಿನಕ್ಸ್ ಕರ್ನಲ್‌ನಲ್ಲಿ ಇಲ್ಲವೇ ಇಲ್ಲ. ಇದೊಂದನ್ನು ಬಿಡಿಸಿ ಹೇಳಿದರೆ ‘ಕ್ಲೌಡ್ ಪರಿಚಯ’ಕ್ಕೆ ಹೆಸರು ಕೊಟ್ಟವರಿಗೂ ಕೆಲಸ ಸಿಗುತ್ತೆ.

ಆಮೇಲೆ ಕೊನೆಯ ಒಂದು ಗಂಟೆ ಚರ್ಚೆಗೆ ಬಿಡಿ. ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಮೈಕ್ರೋಕಾನ್ಫರೆನ್ಸ್ ಅಂತ ಮಾಡ್ತಾರಲ್ಲ, ಸ್ಲೈಡ್ ಕಡಿಮೆ, ಬಗೆಹರಿಯದ ಸಮಸ್ಯೆ ಮುಂದಿಟ್ಟು ಮಾತು ಜಾಸ್ತಿ, ಆ ಥರ. ನಡೆಸೋರು ಒಬ್ಬರು ಗಟ್ಟಿ ಇರಬೇಕು ಅಷ್ಟೆ.

ಮೈಸೂರಿನಲ್ಲಿ ಎಂಬೆಡೆಡ್ ಕೆಲಸ, ಓದಿದ್ದು ಹಾಸನದಲ್ಲಿ

ಅಕ್ಕ, ಹೊಸಬರಿಗೆ ಒಂದಾದರೂ ಜಾಗ ಇಡಿ, ಅವರ ಜೊತೆ ಮೊದಲೇ ಕೂತು ತಾಲೀಮು ಮಾಡಿಸಿ. ನಾನು ಮೊದಲ ಟಾಕ್ ಕೊಟ್ಟಾಗ ಸಂಘಟಕರೊಬ್ಬರು ವಿಡಿಯೋ ಕಾಲ್‌ನಲ್ಲಿ ಪೂರ್ತಿ ಕೇಳಿ, ‘ಮೊದಲ ಎಂಟು ಸ್ಲೈಡ್ ತೆಗೀರಿ, ಒಂಬತ್ತನೇದರಿಂದ ಶುರು ಮಾಡಿ’ ಅಂದಿದ್ದರು. ಕಂಪನಿ ಪರಿಚಯ, ವಿಷಯಸೂಚಿ, ಇತಿಹಾಸ ಎಲ್ಲ ಹೋಯ್ತು, ಡ್ರೈವರ್ ಹ್ಯಾಂಗ್ ಆದ ಲಾಗ್ ಮೊದಲ ಸ್ಲೈಡ್ ಆಯ್ತು. ಟಾಕ್ ಗೆದ್ದಿದ್ದೇ ಅದರಿಂದ.

ಕನ್ನಡದಲ್ಲಿ ಮಾತಾಡಿ ಅಂತ ಟಾಕ್ ಕೊಡೋರಿಗೆ ಧೈರ್ಯವಾಗಿ ಹೇಳಿ. ತಾಂತ್ರಿಕ ಪದ ಇದ್ದಂತೇ ಇರಲಿ, ವಾಕ್ಯ ನಮ್ಮದಿರಲಿ. ಪ್ರಶ್ನೆ ಕೇಳೋಕೆ ಮೈಕ್ ಹಿಡೀರಿ ಅಂದರೆ ನಮ್ಮ ಹುಡುಗೀರು, ಹಳ್ಳಿ ಕಡೆಯವರು ಏಳೋದೇ ಇಲ್ಲ. ಪ್ರತಿ ಸಾಲಿಗೂ ಚೀಟಿ, ಪೆನ್ನು ಕೊಟ್ಟು ಬರೆಸಿ. ಚೀಟಿಯಲ್ಲಿ ಬರೋ ಪ್ರಶ್ನೆಗಳು ಎಷ್ಟು ಚೆನ್ನಾಗಿರ್ತವೆ ಅಂತ ನೀವೇ ನೋಡ್ತೀರಿ.

ಒಂದು ವಿಷಯವನ್ನೂ ಸೇರಿಸ್ತೀನಿ: ಕೀಲಿ ಒತ್ತಿದಾಗ ತೆರೆ ಮೇಲೆ ‘ಕ್ಷ’ ಮೂಡೋವರೆಗಿನ ದಾರಿ. ಕರ್ನಲ್ ಕೊಡೋದು ಬರೀ ಕೀಲಿಯ ಸಂಖ್ಯೆ. ಅದನ್ನು ಕನ್ನಡ ಅಕ್ಷರಕ್ಕೆ ಹೊಂದಿಸೋದು ಕೀಲಿಮಣೆಯ ಲೇಔಟ್, ಒತ್ತಕ್ಷರ ಕೂಡಿಸೋದು ಹಾರ್ಫ್‌ಬಜ್‌ನಂಥ ಲೈಬ್ರರಿ. ಲಿನಕ್ಸ್‌ನ ಬರಿಯ ಕನ್ಸೋಲ್‌ನಲ್ಲಿ ಫಾಂಟ್‌ಗೆ 512 ಅಕ್ಷರರೂಪಗಳಷ್ಟೇ ಮಿತಿ, ಒತ್ತಕ್ಷರ ಕೂಡಿಸೋ ಏರ್ಪಾಡೂ ಇಲ್ಲ, ಹಾಗಾಗಿ ಅಲ್ಲಿ ಕನ್ನಡ ಸರಿಯಾಗಿ ಬರಲ್ಲ. ಆಪರೇಟಿಂಗ್ ಸಿಸ್ಟಂ ಎಲ್ಲಿ ಮುಗಿಯುತ್ತೆ, ಅದರ ಮೇಲಿನದು ಎಲ್ಲಿ ಶುರುವಾಗುತ್ತೆ ಅಂತ ಕೇಳೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಹಾಸನದ ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ಮಾರ್ಚ್ ಅಂತ ಗಟ್ಟಿ ಮಾಡಿದೆವು. ಎಲ್‌ಎಸ್ ದಾರಿ ನಮ್ಮ ತಂಡಕ್ಕೂ ತುಂಬ ಹಿಡಿಸಿದೆ. ಕನ್ನಡ ಅಕ್ಷರದ ಟಾಕನ್ನು ಅಂತಿಮ ವರ್ಷದ ಇಬ್ಬರು ಸೇರಿ ಕೊಡ್ತೀವಿ ಅಂತಿದ್ದಾರೆ. ಒಂದೇ ಕಷ್ಟ ಉಳಿದಿದೆ: ‘ಲಿನಕ್ಸ್ ಪರಿಚಯ’ ಅಂತ ಹೆಸರು ಕೊಟ್ಟವರಲ್ಲಿ ನಮ್ಮ ವಿಭಾಗಕ್ಕೆ ತುಂಬಾ ಬೇಕಾದ ಹಿರಿಯರೊಬ್ಬರು ಇದ್ದಾರೆ. ಬೇಡ ಅನ್ನೋಕೆ ಬಾಯಿ ಬರ್ತಿಲ್ಲ.

ಬೆಂಗಳೂರಿನಲ್ಲಿ ಕರ್ನಲ್ ಕೆಲಸ, ಊರು ಅರಕಲಗೂಡು

ಬೇಡ ಅನ್ನಬೇಡಿ ಮೇಡಂ, ವಿಷಯ ಚಿಕ್ಕದು ಮಾಡಿಸಿ. ಅವರು ಹಿರಿಯರು ಅಂದರೆ ಹಳೇ ಯುನಿಕ್ಸ್ ಯಂತ್ರಗಳ ಮೇಲೆ ಕೆಲಸ ಮಾಡಿರಬಹುದು. ‘ಸರ್, ನೀವು ಆಗ ಮೆಮೊರಿ ಸಾಲದಿದ್ದಾಗ ಏನು ಮಾಡ್ತಿದ್ರಿ, ಅದೊಂದನ್ನೇ ಹೇಳಿ’ ಅಂತ ಕೇಳಿ. ಮೆಮೊರಿ ಟಾಕ್‌ಗೆ ಮೊದಲು ಹತ್ತು ನಿಮಿಷ ಅವರಿಗೆ ಕೊಡಿ. ಉಳಿದವರಿಗೆ ಬೇಡ ಅನ್ನುವಾಗ ಪ್ರತಿಯೊಬ್ಬರಿಗೂ ಕಾರಣ ಬರೆದು ಕಳಿಸಿ, ಎರಡು ಸಾಲಾದರೂ ಸಾಕು. ಕಾರಣ ಗೊತ್ತಾದವರು ಮುಂದಿನ ಸಲ ಒಳ್ಳೇ ಟಾಕ್ ತರ್ತಾರೆ.

ಹಾಸನದಲ್ಲೇ ಸಿಸ್ಟಂ ಅಡ್ಮಿನ್

ಫೈಲ್ ಸಿಸ್ಟಂ ಟಾಕ್‌ಗೆ ಯಾರೂ ಸಿಕ್ಕಿಲ್ಲ ಅಂದರೆ ನಾನೇ ಕೊಡ್ತೀನಿ, ಪೆನ್‌ಡ್ರೈವ್ ಇಮೇಜೂ ಮಾಡಿಕೊಡ್ತೀನಿ. ನಿಮ್ಮ ಹಾಲ್‌ನ ಪ್ರಾಜೆಕ್ಟರ್‌ಗೆ ಎಚ್‌ಡಿಎಂಐ ಇದೆಯಾ, ವಿಜಿಎ ಮಾತ್ರನಾ, ಅದೊಂದು ತಿಳಿಸಿ. ಅದಕ್ಕೆ ತಕ್ಕ ಕೇಬಲ್ ತರ್ತೀನಿ.