ಮಗ ಬ್ಯಾಂಡ್ ಕಟ್ಟುತ್ತೇನೆ ಅಂದರೆ ಬೇಡ ಅನ್ನಬೇಡಿ

ಇಯರ್ ಇಲೆವೆನ್‌ನಲ್ಲಿರುವ ಮಗ ಗೆಳೆಯರ ಜೊತೆ ಬ್ಯಾಂಡ್ ಮಾಡುತ್ತೇನೆ ಅಂತ ಹಠ ಹಿಡಿದಿದ್ದಾನೆ, ಯೂನಿವರ್ಸಿಟಿ ಸೀಟಿಗೆ ಬೇಕಾದ ಎಟಾರ್ ಪರೀಕ್ಷೆ ಬೇರೆ ಹತ್ತಿರ ಬರ್ತಿದೆ, ಏನು ಮಾಡೋದು ಅಂತ ನಮ್ಮ ಪರ್ತ್ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. "ಮೊದಲು ಓದು ಮುಗೀಲಿ" ಅಂತ ಬಹಳ ಜನ ಬರೆದಿದ್ದೀರಿ. ನಾನು ಇದನ್ನು ಒಪ್ಪುವುದಿಲ್ಲ. ಪರ್ತ್‌ನಲ್ಲಿ ಇದ್ದುಕೊಂಡು ಇಲ್ಲಿನ ಸ್ಪೇಸಿ ಜೇನ್ ಅನ್ನುವ ಬ್ಯಾಂಡ್ ಹೇಗೆ ಬೆಳೆಯಿತು ಅಂತ ನೋಡಿದವರು ಹಾಗೆ ಹೇಳಲಾರರು.

ನಿಮ್ಮ ಮಕ್ಕಳಿಗೆ ಈ ಹೆಸರು ಖಂಡಿತ ಗೊತ್ತಿರುತ್ತದೆ. 2016ರಲ್ಲಿ ನಮ್ಮ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಹುಟ್ಟಿದ ಬ್ಯಾಂಡ್ ಇದು. ಹಾಡುವ ಕೇಲಬ್ ಹಾರ್ಪರ್ ಬೆಳೆದದ್ದು ಜೆರಾಲ್ಡ್‌ಟನ್‌ನಲ್ಲಿ, ಇಲ್ಲಿಂದ ಉತ್ತರಕ್ಕೆ ನಾಲ್ಕು ನೂರು ಕಿಲೋಮೀಟರ್ ದಾಟಿದ ಮೇಲೆ ಸಿಗುವ ಬಂದರು ಊರು. ಡ್ರಮ್ಸ್ ಬಾರಿಸುವ ಕೀರನ್ ಲಾಮಾ ಬ್ಯಾಂಡಿನ ಮ್ಯಾನೇಜರ್ ಕೆಲಸವನ್ನೂ ತಾನೇ ಹೊತ್ತಿದ್ದ. ಶೋ ಗೊತ್ತು ಮಾಡುವುದು, ಇಮೇಲ್‌ಗೆ ಉತ್ತರ ಕೊಡುವುದು, ಲೆಕ್ಕ ಇಡುವುದು, ಎಲ್ಲವೂ ಆ ಕೆಲಸದಲ್ಲಿ ಬರುತ್ತದೆ. ಇದು ಓದಿಗಿಂತ ಕಡಿಮೆ ಕಲಿಕೆ ಅಂತ ನನಗಂತೂ ಅನ್ನಿಸುವುದಿಲ್ಲ.

ಮೊದಲು ಪಬ್‌ಗಳಲ್ಲಿ ಶೋ, 2017ರಲ್ಲಿ ಒಂದು ಇಪಿ (ಕೆಲವೇ ಹಾಡುಗಳ ಕಿರು ಆಲ್ಬಂ), 2018ರಲ್ಲಿ ಇನ್ನೊಂದು. ಪೂರ್ತಿ ಆಲ್ಬಂ 'ಸನ್‌ಲೈಟ್' ಬಂದಿದ್ದು 2020ರ ಜೂನ್‌ನಲ್ಲಿ, ಕೋವಿಡ್ ನಡುವೆ. ಆಗ ನಮ್ಮ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯೇ ಮುಚ್ಚಿತ್ತು, ನೆನಪಿದೆಯಲ್ವಾ? ಊರಿಗೆ ಹೋಗಲಾಗದೆ ನಾವೆಲ್ಲ ಒದ್ದಾಡಿದ ದಿನಗಳು. ಸಿಡ್ನಿ, ಮೆಲ್ಬರ್ನ್ ಸುತ್ತಿ ಹಾಡಬೇಕಾದ ಹೊತ್ತಲ್ಲಿ ಈ ಹುಡುಗರಿಗೆ ಬಾಗಿಲು ಬಂದ್. ಆದರೂ ಆಲ್ಬಂ ಆಸ್ಟ್ರೇಲಿಯಾ ಸಂಗೀತ ಉದ್ಯಮದ ಆರಿಯಾ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದರಲ್ಲಿದ್ದ 'ಬೂಸ್ಟರ್ ಸೀಟ್' ಆ ವರ್ಷದ ಹಾಟೆಸ್ಟ್ 100ರಲ್ಲೂ ಎರಡನೆಯದು. 2021ರಲ್ಲಿ ಅದೇ ಹಾಡಿಗೆ ಆರಿಯಾದ ವರ್ಷದ ಹಾಡು ಪ್ರಶಸ್ತಿ. 2022ರ ಆಲ್ಬಂ ನೇರ ಮೊದಲ ಸ್ಥಾನಕ್ಕೇ ಹೋಯಿತು.

ಹೊಸದಾಗಿ ಬಂದವರಿಗೆ ಒಂದು ಮಾತು. ಹಾಟೆಸ್ಟ್ 100 ಅನ್ನುವುದು ಟ್ರಿಪಲ್ ಜೆ ರೇಡಿಯೋ ಕೇಳುಗರು ಓಟು ಹಾಕಿ ಆರಿಸುವ ಪಟ್ಟಿ. ಟ್ರಿಪಲ್ ಜೆ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಪ್ರಸಾರ ಸಂಸ್ಥೆ ಎಬಿಸಿಯದ್ದು. ಅವರದೇ 'ಅನ್‌ಅರ್ತ್ಡ್' ಅಂತ ಒಂದು ವೆಬ್‌ಸೈಟ್ ಇದೆ. ಇನ್ನೂ ಯಾವ ಕಂಪನಿಯೂ ಕೈ ಹಿಡಿಯದ ಬ್ಯಾಂಡ್ ಅಲ್ಲಿ ತನ್ನ ಹಾಡನ್ನು ಪುಕ್ಕಟೆ ಹಾಕಬಹುದು, ಸ್ಟೇಷನ್‌ನವರು ಕೇಳುತ್ತಾರೆ, ಹಿಡಿಸಿದರೆ ದೇಶಕ್ಕೆಲ್ಲ ಕೇಳಿಸುತ್ತಾರೆ. ಹೈಸ್ಕೂಲ್ ಮಕ್ಕಳಿಗೇ 'ಅನ್‌ಅರ್ತ್ಡ್ ಹೈ' ಅಂತ ಸ್ಪರ್ಧೆಯೂ ನಡೆಸುತ್ತಾ ಬಂದಿದ್ದಾರೆ. 2010ರಲ್ಲಿ ಗೆದ್ದ ಸ್ಟೋನ್‌ಫೀಲ್ಡ್, ವಿಕ್ಟೋರಿಯಾದ ಹಳ್ಳಿಯೊಂದರ ನಾಲ್ಕು ಜನ ಅಕ್ಕತಂಗಿಯರು. ಯಾರ ಪರಿಚಯವೂ ಬೇಕಿಲ್ಲ, ಶಿಫಾರಸು ಬೇಕಿಲ್ಲ. ಹೊರಗಿನಿಂದ ಬಂದು ನೆಲೆಸಿದ ನಮ್ಮಂಥವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ನಮ್ಮ ಮಕ್ಕಳಿಗೆ ಸಂಗೀತದ ಕೊರತೆ ಇಲ್ಲ. ಮೃದಂಗ, ವಯೊಲಿನ್, ಹಾಡುಗಾರಿಕೆ ಎಲ್ಲಕ್ಕೂ ಕಳಿಸುತ್ತೇವೆ. ಆದರೆ ಕಲಿಯುವುದು ಒಬ್ಬೊಬ್ಬರೇ, ಪರೀಕ್ಷೆ ಕೊಡುವುದೂ ಒಬ್ಬೊಬ್ಬರೇ. ಜೊತೆಗೂಡಿ ನುಡಿಸುವುದು ಬೇರೆಯೇ ವಿದ್ಯೆ. ನಮ್ಮ ಮನೆ ಗ್ಯಾರೇಜಿನಲ್ಲಿ ಮಗಳು ಮತ್ತು ಅವಳ ಗೆಳತಿಯರು ಅಭ್ಯಾಸ ಮಾಡುವಾಗ ನೋಡಿದ್ದೇನೆ. ಬೇಸ್ ನುಡಿಸುವ ಹುಡುಗಿ ಹಾಡಿನ ನಡುವೆ ತಾಳ ತಪ್ಪಿ ಮುಂದೆ ಓಡಿಬಿಡುತ್ತಾಳೆ. ಮೃದಂಗ ಕಲಿತ ನನ್ನ ಮಗಳು ಡ್ರಮ್ಸ್ ನಿಲ್ಲಿಸಿ, ಕೋಲು ಕೆಳಗಿಟ್ಟು, ತೊಡೆಯ ಮೇಲೆ ಆದಿತಾಳ ಹಾಕಿ ತೋರಿಸುತ್ತಾಳೆ. ಮತ್ತೆ ಮೊದಲಿಂದ. ಯಾರಿಗೂ ಕೋಪ ಇಲ್ಲ. ಮನೆಯಲ್ಲಿ ತಮ್ಮನ ಜೊತೆ ಇಷ್ಟು ತಾಳ್ಮೆಯಿಂದ ಅವಳು ಮಾತಾಡಿದ್ದು ನಾನು ಕಂಡಿಲ್ಲ!

ಪಬ್, ಕುಡಿತ ಅಂತ ನಿಮಗಿರುವ ಭಯ ನನಗೂ ಇದೆ. ಅದಕ್ಕೆ ಸುಮ್ನೆ ಬೇಡ ಅನ್ನುವುದಕ್ಕಿಂತ ಜೊತೆಗೆ ಹೋಗಿ. ಆಲ್ ಏಜಸ್, ಅಂದರೆ ಎಲ್ಲ ವಯಸ್ಸಿನವರಿಗೂ ಪ್ರವೇಶ ಅಂತ ಬರೆದಿರುವ ಶೋಗಳಿಂದ ಶುರು ಮಾಡಿ. ಆಂಪ್ಲಿಫೈಯರ್ ಕಾರಿಗೆ ಹಾಕಿಕೊಂಡು ಕರೆದುಕೊಂಡು ಹೋಗಿ, ಹಿಂದೆ ನಿಂತು ಕೇಳಿ. ಇಯರ್ ಟ್ವೆಲ್ವ್‌ನಲ್ಲಿ ಬೇಕಾದರೆ ವಾರಕ್ಕೆ ಒಂದೇ ಅಭ್ಯಾಸ ಅಂತ ಮಕ್ಕಳ ಜೊತೆ ಕೂತು ಮಾತಾಡಿಕೊಳ್ಳಿ. ಎಲ್ಲರೂ ಸ್ಪೇಸಿ ಜೇನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಇನ್ನೊಂದು ವಿಷಯ ನಮ್ಮ ಕನ್ನಡ ಸಂಘದ ಸಮಿತಿಯವರಿಗೆ. ರಾಜ್ಯೋತ್ಸವದಲ್ಲಿ ಕ್ಯಾರಿಯೋಕೆ ಟ್ರ್ಯಾಕ್ ಹಾಕಿ ಹಾಡುವುದು ಜಾಸ್ತಿಯಾಗಿದೆ. ಈ ಸಲ ಇಪ್ಪತ್ತು ನಿಮಿಷ ಮಕ್ಕಳ ಬ್ಯಾಂಡ್‌ಗೆ ಬಿಟ್ಟುಕೊಡಿ. ಭಾವಗೀತೆಯೋ, ತಾವೇ ಬರೆದದ್ದೋ, ಹಾಡು ಅವರೇ ಆರಿಸಲಿ. ಡ್ರಮ್ ಕಿಟ್ ನಮ್ಮ ಮನೆಯಿಂದ ತರುತ್ತೇನೆ. ಬೇಸ್ ಆಂಪ್ಲಿಫೈಯರ್ ಮತ್ತು ಎರಡು ಮೈಕ್ ಬೇಕು, ಯಾರ ಹತ್ತಿರ ಇದೆ ಅಂತ ಕೆಳಗೆ ಬರೆಯಿರಿ.