ನೀತಿ ಇದೆ ಎಂದ ಮಾತ್ರಕ್ಕೆ ದೇವರಿದ್ದಾನೆ ಎನ್ನಬಹುದೇ?

ಪ್ರಶ್ನೆ

ಸಿಕ್ಕಿಬೀಳುವ ಭಯ ಎಳ್ಳಷ್ಟೂ ಇಲ್ಲದಿರುವಾಗಲೂ ಮತ್ತೊಬ್ಬರ ಹಣಕ್ಕೆ ಕೈಹಾಕುವುದು ತಪ್ಪೆಂದೇ ನಮಗೆ ಅನ್ನಿಸುತ್ತದೆ. ಈ ತಪ್ಪು-ಸರಿಗಳು ಊರಿನ ಕಟ್ಟುಪಾಡಿನಿಂದಷ್ಟೇ ಹುಟ್ಟಿದವಾದರೆ, ಊರೆಲ್ಲ ಒಪ್ಪಿದ್ದ ಅಸ್ಪೃಶ್ಯತೆಯನ್ನೂ ಆ ಕಾಲಕ್ಕೆ ಸರಿಯೆನ್ನಬೇಕಾಗುತ್ತದೆ. ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಮನುಷ್ಯರ ಒಪ್ಪಿಗೆಗೆ ಮೀರಿದ ಅಧಿಕಾರವೊಂದು ನೀತಿಯ ಹಿಂದಿರಬೇಕು, ಅದೇ ದೇವರು ಎಂಬ ವಾದ ನನಗೆ ಬಲವಾಗಿಯೇ ಕಾಣುತ್ತದೆ. ಇದರಲ್ಲಿ ಲೋಪವಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮಾನ್ಯರೇ, ನಿಮ್ಮ ವಾದದ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಊರಿನ ಒಪ್ಪಿಗೆಗೆ ಮೀರಿದ್ದೆಲ್ಲವೂ ಒಬ್ಬ ಒಡೆಯನ ಆಜ್ಞೆಯೇ ಆಗಬೇಕೆಂಬುದು ಎಲ್ಲಿಂದ ಬಂತು? ದೇವರು ಹೇಳಿದ್ದರಿಂದ ಸತ್ಯ ನುಡಿಯುವುದು ಸರಿಯೋ, ಸರಿಯಾಗಿರುವುದರಿಂದ ದೇವರು ಹಾಗೆ ಹೇಳಿದನೋ ಎಂಬ ತೊಡಕನ್ನು ಗ್ರೀಸಿನ ಪ್ಲೇಟೋ ಬಹು ಹಿಂದೆಯೇ ಎತ್ತಿದ್ದ. ವೇದದ ವಿಧಿಗಳನ್ನು ವಿಚಾರಿಸುವ ದರ್ಶನದವರಾದ ನಮ್ಮ ಪೂರ್ವಮೀಮಾಂಸಕರನ್ನೇ ನೋಡಿ: ಧರ್ಮಕ್ಕೆ ವೇದವೇ ಪ್ರಮಾಣ, ಆ ವೇದವಾದರೋ ಯಾರೂ ರಚಿಸದ ಅಪೌರುಷೇಯ ಎಂದ ಅವರು ಕರ್ತವ್ಯದ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವರು, ಆದರೂ ಅವರಲ್ಲಿ ಪ್ರಮುಖನಾದ ಕುಮಾರಿಲ ಭಟ್ಟ ಸೃಷ್ಟಿಕರ್ತನಾದ ಈಶ್ವರನನ್ನು ತರ್ಕದಿಂದಲೇ ಅಲ್ಲಗಳೆದ. ಅಂದಹಾಗೆ, ಅಸ್ಪೃಶ್ಯತೆಯನ್ನು ಸಮರ್ಥಿಸಿದವರೂ ದೇವರ ಹೆಸರನ್ನು ಮುಂದೊಡ್ಡಿದ್ದುಂಟು.

ಉತ್ತರ 2

ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಕರ್ತವ್ಯ ಎಲ್ಲಿಂದ ಬಂತು ಎಂಬುದು ಒಂದು. ಕರ್ತವ್ಯ ಮಾಡಿದವನಿಗೆ ತಕ್ಕ ಫಲ ಸಿಗುವಂತೆ ನೋಡಿಕೊಳ್ಳುವವರು ಯಾರು ಎಂಬುದು ಇನ್ನೊಂದು. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1788ರಲ್ಲಿ ದೇವರನ್ನು ತಂದದ್ದು ಎರಡನೆಯದಕ್ಕಾಗಿ. ನೀತಿಯ ನಿಯಮವನ್ನು ವಿಧಿಸುವುದು ನಮ್ಮ ವಿವೇಕವೇ, ಆದರೆ ಸದ್ಗುಣಕ್ಕೂ ಸುಖಕ್ಕೂ ಕೊನೆಗೆ ತಾಳೆಯಾಗಬೇಕಾದರೆ ದೇವರಿದ್ದಾನೆಂದು ನಂಬಿ ನಡೆಯಬೇಕಾಗುತ್ತದೆ ಎಂದನೇ ಹೊರತು, ದೇವರಿದ್ದಾನೆಂಬುದನ್ನು ರುಜುವಾತುಪಡಿಸಿದೆನೆಂದು ಅವನು ಹೇಳಲಿಲ್ಲ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿಯೂ ಇದೇ ಜಿಜ್ಞಾಸೆಯಿದೆ. ಧರ್ಮವೇ ಫಲ ಕೊಡುತ್ತದೆ ಎಂಬುದು ಪೂರ್ವಮೀಮಾಂಸೆಯ ಸೂತ್ರಕಾರ ಜೈಮಿನಿಯ ಮತ; ಈಶ್ವರನೇ ಕೊಡುವವನು ಎಂಬುದು ಬ್ರಹ್ಮಸೂತ್ರಕಾರ ಬಾದರಾಯಣರ ನಿಲುವು. ಕರ್ಮ ಕ್ಷಣದಲ್ಲೇ ಅಳಿದುಹೋಗುವಂಥದ್ದು, ಅದು ಮುಂದೆಂದೋ ಫಲ ಕೊಡುವುದು ಹೇಗೆ ಎಂದು ಶಂಕರರು ಭಾಷ್ಯದಲ್ಲಿ ಕೇಳುತ್ತಾರೆ. ನನ್ನ ಮಟ್ಟಿಗೆ, ನಿಮ್ಮ ವಾದಕ್ಕಿಂತ ಇದು ಹೆಚ್ಚು ತೂಕದ್ದು.

ಉತ್ತರ 3

ಕರ್ಮದ ಫಲ ಕೊಡಲು ಈಶ್ವರ ಬೇಕೆಂಬ ಆ ವಾದಕ್ಕೂ ನಮ್ಮ ನಾಡಿನಲ್ಲೇ ಉತ್ತರ ಹುಟ್ಟಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸೃಷ್ಟಿಕರ್ತನ ಕಲ್ಪನೆಯನ್ನು ಸಂಸ್ಕೃತ ಆದಿಪುರಾಣದಲ್ಲಿ ನೇರವಾಗಿಯೇ ಖಂಡಿಸಿದ್ದಾರೆ. ಜೈನರಿಗೆ ತೀರ್ಥಂಕರರು ಲೋಕವನ್ನು ಸೃಷ್ಟಿಸಿದವರಲ್ಲ, ವರ ಕೊಡುವವರೂ ಅಲ್ಲ, ಶಿಕ್ಷಿಸುವವರೂ ಅಲ್ಲ. ಕುಡಿದ ಹೆಂಡ ತಾನೇ ತಲೆಗೇರುವಂತೆ, ಜೀವಕ್ಕೆ ಅಂಟಿದ ಕರ್ಮ ಯಾರ ಮೇಲ್ವಿಚಾರಣೆಯೂ ಇಲ್ಲದೆ ಪಕ್ವವಾಗಿ ಫಲ ಕೊಡುತ್ತದೆ. ಆಚಾರವಂತ ಜೈನರ ಮನೆಯಲ್ಲಿ ಬಾವಿಯ ನೀರನ್ನು ಮಡಿಸಿದ ದಟ್ಟ ಬಟ್ಟೆಯಲ್ಲಿ ಸೋಸುತ್ತಾರೆ. ಆಮೇಲೆ ಆ ಬಟ್ಟೆಯನ್ನು ಸೋಸಿದ ನೀರಿನಿಂದಲೇ ಜಾಲಾಡಿ, ಅದರಲ್ಲಿ ಉಳಿದಿರಬಹುದಾದ ಕಣ್ಣಿಗೆ ಕಾಣದ ಜೀವಿಗಳು ಸಾಯದಿರಲೆಂದು ಆ ನೀರನ್ನು ಮರಳಿ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ. ಇಷ್ಟು ಸೂಕ್ಷ್ಮವಾದ ನೀತಿ ಒಡೆಯನಿಲ್ಲದೆಯೇ ಶತಮಾನಗಳಿಂದ ನಡೆದುಬಂದಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ವಂದನೆಗಳು. ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ್ದು ಉಪಕಾರವಾಯಿತು. ಆದರೆ ಕರ್ಮ ಅಂಟುತ್ತದೆಂಬ ಕಾರಣಕ್ಕೆ ಹುಳುವನ್ನು ಕೊಲ್ಲದಿರುವುದಾದರೆ ಅದು ಸ್ವಾರ್ಥದ ಲೆಕ್ಕಾಚಾರವಾಗುತ್ತದೆಯೇ ಹೊರತು, ಕೊಲ್ಲುವುದು ಏಕೆ ತಪ್ಪು ಎಂಬುದಕ್ಕೆ ಉತ್ತರವಾಗುವುದಿಲ್ಲವಲ್ಲ?

ಉತ್ತರ 3ರ ಲೇಖಕರಿಂದ

ಆಕ್ಷೇಪ ಸರಿಯಾಗಿದೆ, ಆದರೆ ಅದು ನರಕಕ್ಕೆ ಹೆದರಿ ದೇವರ ಮಾತು ಕೇಳುವವರಿಗೂ ಅಷ್ಟೇ ತಗಲುತ್ತದೆ. ನನಗೆ ನೋವು ಹೇಗೆ ಬೇಡವೋ ಹಾಗೆಯೇ ಯಾವ ಜೀವಕ್ಕೂ ಬೇಡ ಎಂಬುದೇ ಜೈನಾಗಮಗಳು ಅಹಿಂಸೆಗೆ ಕೊಡುವ ಮೊದಲ ಕಾರಣ. ಕರ್ಮಬಂಧದ ಮಾತು ಅದರ ಜೊತೆಯದು. ಆ ನೋವೊಂದೇ ಸಾಲದು, ಅಪ್ಪಣೆಯೂ ಬೇಕೆನ್ನುವವರು, ಆ ಅಪ್ಪಣೆಯನ್ನು ಪಾಲಿಸುವುದು ಏಕೆ ಸರಿ ಎಂಬುದಕ್ಕೆ ಮತ್ತೊಂದು ಕಾರಣವನ್ನು ಹುಡುಕಬೇಕಾಗುತ್ತದೆ.