ಬೆಟ್ಟಕ್ಕೆ ಟೀನೇಜ್ ಮಕ್ಕಳು, ನಾಯಿಗಳು ಎಲ್ಲಾ ಒಟ್ಟಿಗೆ: ಮಾಡಿದೋರು ಅನುಭವ ಹೇಳಿ

ಎರಡು ಬಾಲ:
ಎಲ್ರಿಗೂ ನಮಸ್ಕಾರ. ಈ ಬೇಸಿಗೆ ರಜೆಗೆ ಒಂದು ವಾರ ಬೆಟ್ಟದ ಕಡೆ ಹೋಗೋಣ ಅಂತಿದೀವಿ. ಮಗಳಿಗೆ 16, ಮಗನಿಗೆ 13, ಜೊತೆಗೆ 9 ವರ್ಷದ ಲ್ಯಾಬ್ (ಲ್ಯಾಬ್ರಡಾರ್), 10 ತಿಂಗಳ ಬೀಗಲ್, ಎರಡು ನಾಯಿ. ಸುಮ್ನೆ ಕೂತು ವ್ಯೂ ನೋಡೋ ರಜೆ ಬೇಡ, ನಡೀಬೇಕು, ಸೈಕಲ್ ಹೊಡೀಬೇಕು, ನೀರಿಗಿಳೀಬೇಕು. ಒಂದೇ ಮನೆ ಬಾಡಿಗೆಗೆ ಹಿಡ್ದು ಅಲ್ಲಿಂದ ದಿನಾ ಹೋಗಿ ಬರೋದಾ, ಇಲ್ಲಾ ಬ್ಯಾಗ್ ಹೊತ್ಕೊಂಡು, ಬೆಟ್ಟದ ದಾರೀಲಿ ರಾತ್ರಿ ತಂಗೋಕಿರೋ ಒಂದು ಹಟ್‌ನಿಂದ ಇನ್ನೊಂದು ಹಟ್‌ಗೆ ನಡ್ಕೊಂಡೇ ಹೋಗೋದಾ?

ಗುಡ್ಡದ ಮನೆ:
ಒಂದೇ ಮನೆ. ಇದ್ರಲ್ಲಿ ಚರ್ಚೆನೇ ಇಲ್ಲ. ನಾವು ಹಾಗೇ ಮಾಡಿದ್ದು, ಇನ್ನೂ ಹಾಗೇ ಮಾಡ್ತೀವಿ. ಯಾರಿಗಾದ್ರೂ ಮೂಡ್ ಕೆಟ್ರೆ (ಟೀನೇಜರ್ ಇದ್ಮೇಲೆ ದಿನಾ ಯಾರಿಗಾದ್ರೂ ಕೆಡುತ್ತೆ) ಅವತ್ತು ಅವರು ಮನೇಲಿರ್ತಾರೆ, ನಾಯಿಗೂ ಜೊತೆ ಆಗುತ್ತೆ, ಉಳಿದೋರು ಹೋಗ್ಬಹುದು. ಆದ್ರೆ ಬುಕ್ ಮಾಡೋ ಮುಂಚೆ ಬಾಯಲ್ಲಿ ಹೇಳಿದ್ದನ್ನೆಲ್ಲ ಬರವಣಿಗೇಲಿ ತಗೊಳ್ಳಿ. ಜಾಹೀರಾತಲ್ಲಿ ನಾಯಿ ಓಕೆ ಅಂತ ಇತ್ತು, ಫೋನ್ ಮಾಡಿದ್ರೆ ಒಂದು ನಾಯಿಗೆ ಮಾತ್ರ ಓಕೆ, ಎರಡನೇದಕ್ಕೆ ರಾತ್ರಿ ಲೆಕ್ಕದಲ್ಲಿ ಚಾರ್ಜ್, ಅದರ ಮೇಲೆ ಕ್ಲೀನಿಂಗ್ ಚಾರ್ಜ್, ಅದರ ಮೇಲೆ ಡೆಪಾಸಿಟ್. ಕೇಬಲ್ ಕಾರಲ್ಲೂ ನಾಯಿಗೆ ಟಿಕೆಟ್, ಮೂತಿಗೆ ಮಜಲ್ ಹಾಕ್ಲೇಬೇಕು ಅಂದ್ರು, ನಮ್ಮ ಹತ್ರ ಇರ್ಲಿಲ್ಲ, ಅಲ್ಲೇ ಕೌಂಟರಲ್ಲಿ ಕೊಂಡ್ವಿ, ಊರಲ್ಲಿ ಸಿಗೋ ರೇಟಿಗೆ ಡಬಲ್. ವಾಪಸ್ ಬಂದ್ಮೇಲೆ ಮನೆ ಓನರ್ ಸೋಫಾ ಮೇಲೆ ಕೂದಲು ಬಿದ್ದಿರೋ ಫೋಟೋ ಕಳ್ಸಿ ಅರ್ಧ ಡೆಪಾಸಿಟ್ ಹಿಡ್ಕೊಂಡ. ಆ ಕೂದಲು ಬಿಳಿ. ನಮ್ಮ ಎರಡೂ ನಾಯಿ ಕಪ್ಪು.

ಬೂಟು ಸವೆಸಿದವಳು:
ಮನೆ ಹಿಡ್ದು ಕೂರೋಕೆ ಬೆಟ್ಟ ಯಾಕ್ರೀ ಬೇಕು. ನಾವು ಹಟ್‌ನಿಂದ ಹಟ್‌ಗೆ ನಡೆದ್ವಿ, ಮಕ್ಕಳಿಗೆ ಅದೇ ಈಗ್ಲೂ ನೆನಪಿರೋದು. ಗುಟ್ಟೇನಂದ್ರೆ ರೂಟ್ ನೀವು ಹಾಕ್ಬೇಡಿ. ಮಗಳ ಕೈಗೆ ಮ್ಯಾಪ್ ಕೊಟ್ಟು ನೀನೇ ಟೈಮ್ ಲೆಕ್ಕ ಹಾಕು ಅಂದ್ವಿ. ನೈಸ್ಮಿತ್ ಲೆಕ್ಕ ಅಂತಿದೆಯಲ್ಲ, 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ್ದು, ಹೆಚ್ಚುಕಡಿಮೆ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರೋಕೆ ಇನ್ನೊಂದು ಗಂಟೆ ಸೇರ್ಸೋದು. 12 ಕಿ.ಮೀ. ದಾರಿ, 900 ಮೀಟರ್ ಏರು, ನಾಲ್ಕು ಗಂಟೆ ಸಾಕು ಅಂದ್ಳು. ಆ ಲೆಕ್ಕದಲ್ಲಿ ಊಟಕ್ಕೆ ಕೂರೋದಿಲ್ಲ, ನಾಯಿ ಸಿಕ್ಕ ಸಿಕ್ಕ ಕಂಬ ಮೂಸೋದಿಲ್ಲ, ತಮ್ಮನ ಶೂ ಲೇಸ್ ಇಲ್ಲ. ಏಳು ಗಂಟೆ ಹಿಡೀತು. ಮಾರನೇ ದಿನದಿಂದ ಅವಳೇ ಎಲ್ಲಾನೂ ಒಂದೂಮುಕ್ಕಾಲು ಪಟ್ಟು ಮಾಡೋಕೆ ಶುರು ಮಾಡಿದ್ಳು, ಬೆಳಿಗ್ಗೆ ಅವಳೇ ನಮ್ಮನ್ನ ಎಬ್ಬಿಸ್ತಿದ್ಳು.

ಹಟ್ ಬುಕ್ ಮಾಡೋವಾಗ ಒಂದು ಕೇಳ್ಕೊಳಿ, ಡಾರ್ಮಿಟರಿಗೆ ನಾಯಿ ಬಿಡೋದು ಕಮ್ಮಿ, ಮೊದ್ಲೇ ಹೇಳಿದ್ರೆ ಕೆಲವು ಕಡೆ ಬೇರೆ ರೂಮ್ ಕೊಡ್ತಾರೆ. ಹೇಳಿದ್ರೂ ಒಂದು ಕಡೆ ನಮಗೆ ಕೊಡ್ಲಿಲ್ಲ. ಬೂಟು ಬಿಚ್ಚಿಡೋ ರೂಮಲ್ಲಿ ಒದ್ದೆ ಸಾಕ್ಸ್‌ಗಳ ಕೆಳಗೆ ನಾಯಿ ಜೊತೆ ನಮ್ಮ ಯಜಮಾನರು ಮಲ್ಕೊಂಡ್ರು. ಮಲ್ಕೊಂಡ್ರೇನಾಯ್ತು.

ಲ್ಯಾಬ್ ಅಮ್ಮ:
ಮಲ್ಕೊಂಡ್ರೇನಾಯ್ತು ಅಂತೆ. ನಿಮ್ಮ ನಾಯಿ ಕಾಲು ಸರಿ ಇತ್ತು ಅದಕ್ಕೆ ಈ ಮಾತು. ನಮ್ದು ಕೇಳಿ. 32 ಕೆಜಿ ಲ್ಯಾಬ್, ಊರಲ್ಲಿ ದಿನಾ ಎರಡು ಹೊತ್ತು ವಾಕಿಂಗ್ ಇತ್ತು, ಫಿಟ್ಟು. ಏರೋವಾಗ ಏನೂ ಇಲ್ಲ, ಇಳಿಯೋವಾಗ ಜಲ್ಲಿಕಲ್ಲಿನ ದಾರಿ, ಮಧ್ಯಾಹ್ನದ ಬಿಸಿಲು, ಪಾದದ ಕೆಳಗಿನ ಚರ್ಮ ಸಿಪ್ಪೆ ಥರ ಎದ್ದು ಬಂತು. ಮೇಲೆ ತಂಪಿರುತ್ತೆ ಅಂತ ಎಲ್ರೂ ಹೇಳ್ತಾರೆ, ಸರಿ, 1000 ಮೀಟರ್ ಏರಿದ್ರೆ ಸರಾಸರಿ ಆರೂವರೆ ಡಿಗ್ರಿ ಕಮ್ಮಿ ಆಗುತ್ತೆ, ಆದ್ರೆ ಅದು ಗಾಳಿಗೆ, ಬಿಸಿಲಲ್ಲಿ ಬಿದ್ದಿರೋ ಬಂಡೆಗಲ್ಲ. ಅಂಗೈ ಹಿಂಭಾಗ ಕಲ್ಲಿನ ಮೇಲಿಟ್ಟು ಏಳು ಸೆಕೆಂಡ್ ಇಡೋಕಾಗ್ಲಿಲ್ಲ ಅಂದ್ರೆ ನಾಯಿನ ನಡೆಸ್ಬಾರ್ದು.

ನಾಯಿಗೆ ಬೂಟು ಹಾಕಿದ್ರೆ ಆಗ್ತಿತ್ತಲ್ಲ ಅಂತ ಯಾರೂ ಹೇಳ್ಬೇಡಿ, ಬೂಟಿತ್ತು. ನಾಲ್ಕರ ಸೆಟ್, ನಾಲ್ಕೂ ಒಂದೇ ಸೈಜ್. ಬಹಳ ನಾಯಿಗಳಿಗೆ ಮುಂದಿನ ಪಾದ ಹಿಂದಿನದಕ್ಕಿಂತ ದೊಡ್ಡದು, ಈ ಕಂಪನಿಯೋರಿಗೆ ಅಷ್ಟೂ ಗೊತ್ತಿಲ್ವಾ? ಮುಂದಕ್ಕೆ ಸರಿಯಾಗಿದ್ದು ಹಿಂದೆ ಜಾರಿ ಹೊಳೆಗೆ ಹೋಯ್ತು. ಒಂದೇ ಒಂದು ಕೊಡಿ ಅಂದ್ರೆ ಕೊಡಲ್ಲ, ಇನ್ನೊಂದು ಸೆಟ್ಟೇ ತಗೋಬೇಕು.

ಕೊನೆಗೆ ಮಗ ಮಗಳು ಪಾಳಿ ಹಾಕ್ಕೊಂಡು ಹೊತ್ರು, ಜಾಕೆಟ್ ತೋಳು ಕಟ್ಟಿ ಜೋಲಿ ಮಾಡಿ. ಭಾನುವಾರ ಬೇರೆ. ನಾಯಿ ಡಾಕ್ಟ್ರ ಎಮರ್ಜೆನ್ಸಿ ಫೀಸ್, ಭಾನುವಾರದ ಎಕ್ಸ್‌ಟ್ರಾ, ಡ್ರೆಸ್ಸಿಂಗು, ಆಂಟಿಬಯೋಟಿಕ್, ಕೋನ್ ಕಾಲರ್, ಎರಡು ದಿನ ಬಿಟ್ಟು ಮತ್ತೆ ಡ್ರೆಸ್ಸಿಂಗು. ಇಡೀ ವಾರದ ಮನೆ ಬಾಡಿಗೆಗಿಂತ ಜಾಸ್ತಿ ಬಿಲ್ಲು. ಇನ್ಶೂರೆನ್ಸ್‌ನೋರು ಪಾದ ಸವೆಯೋದು ಅಪಘಾತ ಅಲ್ಲ ಅಂತ ವಾಪಸ್ ಕಳ್ಸಿದ್ರು.

ಹೊಸ ಟೆಂಟ್:
ಮೇಡಂ ಅಷ್ಟೆಲ್ಲ ಯಾಕೆ, ಅರ್ಧ ಐಬುಪ್ರೊಫೆನ್ ಕೊಟ್ಟಿದ್ರೆ ನೋವು ಕಮ್ಮಿಯಾಗಿ ತಾನೇ ನಡೀತಿತ್ತು

ಲ್ಯಾಬ್ ಅಮ್ಮ:
ಅಯ್ಯೋ ದೇವ್ರೇ. ಯಾರೂ ಇದನ್ನ ಓದಿ ಮಾಡ್ಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ, ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಹೋಗುತ್ತೆ. ಹಾಗೇ ನಿಮ್ಮ ಮಕ್ಕಳ ಬ್ಯಾಗಲ್ಲಿರೋ ಒಣದ್ರಾಕ್ಷಿ, ಚಾಕೊಲೇಟು, ಜೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಇರೋ ಚೂಯಿಂಗ್ ಗಮ್ಮು. ಟೀನೇಜರ್ ಬ್ಯಾಗ್ ಜಿಪ್ ಹಾಕಿರೋದನ್ನ ಯಾರಾದ್ರೂ ನೋಡಿದೀರಾ?

ಬಿಟ್ಟು ಬಂದೋನು:
ಇದಕ್ಕೇ ನಾವು ನಾಯಿನ ಬೋರ್ಡಿಂಗಲ್ಲಿ ಬಿಟ್ಟು ಹೋದ್ವಿ. ಬಯ್ಯೋರು ಬಯ್ಯಿ. ಬಹಳ ನ್ಯಾಷನಲ್ ಪಾರ್ಕ್‌ಗಳ ಟ್ರೇಲಲ್ಲಿ ನಾಯಿಗೆ ಪ್ರವೇಶನೇ ಇಲ್ಲ, ಹಗ್ಗ ಹಿಡ್ಕೊಂಡು ಬಂಡೆ ಹತ್ತೋ ದಾರೀಲಿ ಇಲ್ಲ, ರಾಫ್ಟಲ್ಲಿ ಇಲ್ಲ. ಅಂದ್ರೆ ದಿನಾ ಒಬ್ರು ನಾಯಿ ಜೊತೆ ಕೆಳಗೆ, ಆ ಒಬ್ರು ಯಾರು ಅಂತ ದಿನಾ ಜಗಳ. ಬೋರ್ಡಿಂಗ್ ಏನೂ ಸಸ್ತಾ ಅಲ್ಲ, ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡೋ ಕೆಮ್ಮು) ಲಸಿಕೆ ಹಾಕ್ಸಿರ್ಲೇಬೇಕು ಅಂತ ಕೊನೆ ವಾರದಲ್ಲಿ ಹೇಳಿದ್ರು, ರಜೆ ಸೀಸನ್ ರೇಟು, ಬಿಡೋ ದಿನ ಕರ್ಕೊಂಬರೋ ದಿನ ಎರಡಕ್ಕೂ ಫುಲ್ ಚಾರ್ಜು. ಆದ್ರೂ ಹದಿನೈದು ವರ್ಷದ ಮಗ ನನ್ನ ಜೊತೆ ಬಂಡೆ ಮೇಲೆ ಮಾತಾಡಿದ. ಮನೇಲಿ ಆ ಪ್ರಾಣಿ ಇಯರ್‌ಫೋನ್ ತೆಗೆಯಲ್ಲ.

ಬೂಟು ಸವೆಸಿದವಳು:
ನಾಯಿನ ಬಿಟ್ಟು ಹೋಗಿ ನಾಯಿ ಜೊತೆ ಹೋಗೋದು ಹೇಗೆ ಅಂತ ಹೇಳೋಕೆ ಬಂದಿದೀರಲ್ಲ ಸಾರ್, ಭಲೇ.

ಬಿಟ್ಟು ಬಂದೋನು:
ಯಜಮಾನರನ್ನ ಬೂಟು ರೂಮಲ್ಲಿ ಬಿಟ್ಟವ್ರು ನನಗೆ ಹೇಳ್ಬೇಡಿ.

ಮಧ್ಯಾಹ್ನದ ಗುಡುಗು:
ಜಗಳ ಆಮೇಲೆ ಆಡಿ, ಅಸಲಿ ಸಮಸ್ಯೆ ಯಾರೂ ಹೇಳ್ಲಿಲ್ಲ. ಗಡಿಯಾರ. ಬೇಸಿಗೇಲಿ ಬೆಟ್ಟದ ಮೇಲೆ ಮಧ್ಯಾಹ್ನ ಕಳೀತಿದ್ದ ಹಾಗೆ ಮೋಡ ಕಟ್ಟಿ ಗುಡುಗು ಮಿಂಚು, ಅಷ್ಟೊತ್ತಿಗೆ ಇಳಿದಿರ್ಬೇಕು. ನಾಯಿಗೂ ಬೆಳಗಿನ ತಂಪೇ ಬೇಕು, ಅದು ಏದುಸಿರಲ್ಲೇ ಮೈ ತಂಪು ಮಾಡ್ಕೊಳ್ಳೋದು, ಮೈ ಶಾಖ 41 ಡಿಗ್ರಿ ದಾಟಿದ್ರೆ ಹೀಟ್ ಸ್ಟ್ರೋಕ್, ಪಗ್ ಬುಲ್‌ಡಾಗ್ ಥರ ಮೂತಿ ಚಪ್ಪಟೆ ಇರೋವಕ್ಕೆ ಇನ್ನೂ ಬೇಗ. ಸೋ ಐದೂವರೆಗೆ ಹೊರಡ್ಬೇಕು. ಆದ್ರೆ ಟೀನೇಜಲ್ಲಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಏರೋದೇ ರಾತ್ರಿ ಲೇಟಾಗಿ, ಅವರಿಗೆ ಐದೂವರೆ ಅಂದ್ರೆ ನಮಗೆ ಮೂರೂವರೆ ಇದ್ದಂಗೆ, ಅದು ಸೋಮಾರಿತನ ಅಲ್ಲ, ಮೈಯೇ ಹಾಗಿರೋದು. ನಾವು ಎರಡು ಪಾಳಿ ಮಾಡಿದ್ವಿ, ಬೆಳಿಗ್ಗೆ ನಾನು ನಾಯಿ, ಹತ್ತರ ಮೇಲೆ ಮಕ್ಕಳು ಅವರಮ್ಮ ಕಣಿವೇಲೇ ಸೈಕಲ್ಲು, ಸಂಜೆ ಎಲ್ಲಾ ನೀರಲ್ಲಿ. ಒಟ್ಟಿಗೆ ಮೇಲೆ ಹತ್ತೋ ದಿನಗಳು ಕಮ್ಮಿ ಇಟ್ವಿ, ಆ ದಿನ ಮಾತ್ರ ಯಾರೂ ಗೊಣಗಂಗಿಲ್ಲ ಅಂತ ಮೊದ್ಲೇ ಒಪ್ಪಂದ. ನನ್ನ ಹೆಂಡತಿ ಇದನ್ನ ರಜೆ ಅಲ್ಲ ಫ್ಯಾಕ್ಟ್ರಿ ಶಿಫ್ಟ್ ಅಂತಾಳೆ, ಅದು ಬೇರೆ ವಿಷಯ.

ಎರಡು ಬಾಲ:
ಎಲ್ರಿಗೂ ಥ್ಯಾಂಕ್ಸ್, ಆದ್ರೆ ಬೀಗಲ್ ಬಗ್ಗೆ ಯಾರಾದ್ರೂ? ಅದು ದಿನಾ ಎಷ್ಟು ನಡೀಬಹುದು?

ಲೀಶ್ ಕೈಲಿರ್ಲಿ:
ಎಷ್ಟು ನಡೆಯುತ್ತೆ ಅನ್ನೋದಕ್ಕಿಂತ ಎಲ್ಲಿ ಓಡುತ್ತೆ ಅಂತ ಕೇಳಿ, ಬೀಗಲ್ ಮೂಗು ನೆಲಕ್ಕಿಟ್ರೆ ಕಿವಿ ಕೇಳ್ಸಲ್ಲ. ಲೀಶ್ (ನಾಯಿ ಹಿಡಿಯೋ ಹಗ್ಗ) ಬಿಚ್ಲೇಬೇಡಿ. ನಮ್ಮ ಮುಂದೆ ಹೋಗ್ತಿದ್ದ ಒಂದು ಫ್ಯಾಮಿಲಿ ನಾಯಿನ ಫ್ರೀ ಬಿಟ್ಟಿದ್ರು, ಅದು ಹುಲ್ಲುಗಾವಲಲ್ಲಿ ಕರು ಇರೋ ಹಸುಗಳ ಮಧ್ಯೆ ನುಗ್ತು, ಹಸು ಅಟ್ಟಿಸ್ಕೊಂಡು ಬಂತು, ನಾಯಿ ಓಡ್ಬಂದು ಅಡಗಿದ್ದು ಎಲ್ಲಿ? ನನ್ನ ಮಗಳ ಕಾಲ ಹಿಂದೆ. ಕರು ಇರೋ ಹಸು ಕಂಡ್ರೆ ಸುತ್ತು ಹಾಕಿ ಹೋಗಿ, ಅಟ್ಟಿಸ್ಕೊಂಡು ಬಂದ್ರೆ ಮಾತ್ರ ಲೀಶ್ ಬಿಟ್ಬಿಡಿ, ನಾಯಿ ಓಡಿ ಪಾರಾಗುತ್ತೆ, ನೀವು ಪಾರಾಗಲ್ಲ.

ಹೊಸ ಟೆಂಟ್:
ಹೆಸರು ಲೀಶ್ ಕೈಲಿರ್ಲಿ, ಸಲಹೆ ಲೀಶ್ ಬಿಟ್ಬಿಡಿ 😂

ಲೀಶ್ ಕೈಲಿರ್ಲಿ:
ನೀವು ಮೊದ್ಲು ಐಬುಪ್ರೊಫೆನ್ ಡಬ್ಬಿ ಬೀಗ ಹಾಕಿಡಿ.

ಬೂಟು ಸವೆಸಿದವಳು:
ನಮ್ಮ ನಾಯಿ ಲೀಶ್ ಇಲ್ದೇನೇ ಎಲ್ಲಾ ಹಟ್ ಮುಟ್ತು. ಟ್ರೇನಿಂಗ್ ಕೊಟ್ರೆ ಬರುತ್ತೆ.

ಲೀಶ್ ಕೈಲಿರ್ಲಿ:
ಓಹೋ, ಆ ಫ್ಯಾಮಿಲಿ ನೀವೇ ಇರ್ಬೇಕು.

ಮಧ್ಯಾಹ್ನದ ಗುಡುಗು:
ಬೀಗಲ್ ಕೇಳಿದ್ರಲ್ಲ, 10 ತಿಂಗಳಿಗೆ ಮೂಳೆ ಬೆಳವಣಿಗೆ ಇನ್ನೂ ಪೂರ್ತಿ ಮುಗಿಯದೇ ಇರ್ಬಹುದು, ಡಾಕ್ಟ್ರನ್ನ ಕೇಳಿ, ಉದ್ದದ ಇಳಿಜಾರು, ಬಂಡೆಯಿಂದ ಜಿಗಿಯೋದು ಬೇಡ. ಆ ಕಡೆ ನಿಮ್ಮ ಲ್ಯಾಬ್‌ಗೆ 9, ಅದಕ್ಕೂ ಇಳಿಜಾರೇ ಕಷ್ಟ. ಹಟ್‌ನಿಂದ ಹಟ್‌ಗೆ ಹೋದ್ರೆ ಮಧ್ಯದಲ್ಲಿ ಬೇಡ ಅಂತ ಕೂರೋಕಾಗಲ್ಲ, ನಿಮಗೆ ಒಂದೇ ಮನೆನೇ ಸರಿ. 2500 ಮೀಟರ್ ಮೇಲೆ ಮಲಗೋ ಪ್ಲಾನ್ ಇದ್ರೆ ತಲೆನೋವು ವಾಂತಿ ಯಾರಿಗೆ ಬೇಕಾದ್ರೂ ಬರುತ್ತೆ, 13 ವರ್ಷದವನು ಹೇಳ್ಕೊಳ್ಳಲ್ಲ, ಊಟ ಬಿಟ್ರೆ ಗಮನಿಸಿ. ಸಂಜೆ ಉಣ್ಣೆ (ರಕ್ತ ಹೀರೋ ಹುಳ, ಟಿಕ್) ಹುಡುಕಿ, ನಾಯಿ ಕಿವಿ, ಕಂಕುಳು, ಬೆರಳ ಸಂದಿ, ಮಕ್ಕಳಿಗೂ ಮಂಡಿ ಹಿಂದೆ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡ್ದು ನೇರ ಎಳೀಬೇಕು, ಎಣ್ಣೆ ಬೆಂಕಿಕಡ್ಡಿ ಏನೂ ಬೇಡ.

ಗುಡ್ಡದ ಮನೆ:
ನೋಡಿ, ಒಂದೇ ಮನೆ ಅಂತ ನಾನು ಮೊದ್ಲೇ ಹೇಳಿದ್ದೆ.

ಬೂಟು ಸವೆಸಿದವಳು:
ಅರ್ಧ ಡೆಪಾಸಿಟ್ ಕಳ್ಕೊಂಡು ಗೆದ್ರಾ? ಕಪ್ಪು ನಾಯಿಗೂ ಹೊಟ್ಟೆ ಹತ್ರ ಬಿಳಿ ಕೂದಲಿರುತ್ತೆ ಸ್ವಾಮಿ, ಓನರ್‌ದು ಸರಿನೇ ಇರ್ಬಹುದು.

ಗುಡ್ಡದ ಮನೆ:
ನಮ್ಮ ನಾಯಿಗೆ ಹೊಟ್ಟೆನೂ ಕಪ್ಪೇ. ಫೋಟೋ ಹಾಕ್ಲಾ? ಎರಡು ಬಾಲ ಅವರೇ, ಒಳಗೆ ಕಾಲಿಡೋ ಮುಂಚೆ ಸೋಫಾ, ಕಾರ್ಪೆಟ್ಟು, ಹಾಸಿಗೆ, ಬಾಗಿಲ ಕೆಳಗಿನ ಗೀರು ಎಲ್ಲಾ ವಿಡಿಯೋ ಮಾಡಿ, ಅವತ್ತೇ ಓನರ್‌ಗೆ ಕಳ್ಸಿ. ಇಂಥವ್ರ ಮಾತು ಕೇಳ್ಬೇಡಿ.